ಬಿಸಿಲೂರಿನ ಅಕ್ವೇರಿಯಂಗೆ ಹೀಟರ್ ಬೇಕೇ, ಬೇಡವೇ?

ಬಳ್ಳಾರಿಯಲ್ಲಿರುವುದು ಬೇಸಿಗೆ, ಕಡುಬೇಸಿಗೆ ಎಂಬ ಎರಡೇ ಕಾಲ ಎಂದು ಹಾಸ್ಯ ಮಾಡುವುದುಂಟು. ಆ ಮಾತಿನಲ್ಲಿ ರಾಯಚೂರಿನವರಾದ ನಮಗೂ ಸಮಪಾಲು ಇದೆ. ಇಂಥ ಸೀಮೆಯಲ್ಲಿ ಮೀನಿನ ಅಂಗಡಿಗೆ ಹೋಗಿ ಹೀಟರ್ ಕೇಳಿದರೆ ಅಂಗಡಿಯವರು ನಗುವುದು ಸಹಜ. "ನಮ್ಮ ಊರಾಗ ಹೀಟರ್ ಯಾಕ್ರೀ ಸರ? ಮ್ಯಾಲೆ ಸೂರ್ಯನ ಹೀಟರ್ ಇಲ್ಲೇನ್ರೀ?" ಎಂಬ ಉತ್ತರವನ್ನು ನಾನೂ ಕೇಳಿದ್ದೇನೆ, ಒಪ್ಪಿದ್ದೇನೆ, ಹೀಟರ್ ಕೊಳ್ಳದೆ ನಾಲ್ಕು ಏಂಜೆಲ್ ಮೀನುಗಳನ್ನಷ್ಟೇ ತಂದಿದ್ದೇನೆ. ಅದು ನವೆಂಬರ್ ತಿಂಗಳು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಆ ಮೀನುಗಳ ರೆಕ್ಕೆಯ ಮೇಲೆ ರವೆ ಉದುರಿದಂತೆ ಬಿಳಿ ಚುಕ್ಕೆಗಳು ಮೂಡಿ, ಸಂಕ್ರಾಂತಿ ಬರುವಷ್ಟರಲ್ಲಿ ಒಂದು ಮಾತ್ರ ಉಳಿದಿತ್ತು.

ಅಂಗಡಿಯವರ ಮಾತು ವರ್ಷದ ಒಂಬತ್ತು-ಹತ್ತು ತಿಂಗಳಿಗೆ ಸರಿಯಾಗಿಯೇ ಇತ್ತು. ತೊಂದರೆ ಬಂದದ್ದು ಉಳಿದ ಎರಡು ತಿಂಗಳಿನಲ್ಲಿ. ರಾಯಚೂರು, ಬಳ್ಳಾರಿ, ಕೊಪ್ಪಳದ ಬಯಲಿನಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಹೊಸ ಸಂಗತಿಯಲ್ಲ. ಆದರೆ ಡಿಸೆಂಬರ್-ಜನವರಿಯಲ್ಲಿ ಹಗಲು 30ರ ಆಸುಪಾಸಿನಲ್ಲಿದ್ದ ಅದೇ ಊರಿನ ಗಾಳಿ ಬೆಳಗಿನ ಜಾವಕ್ಕೆ 15ರಿಂದ 17 ಡಿಗ್ರಿಗೆ ಇಳಿಯುತ್ತದೆ, ಚಳಿ ಬಲವಾದ ವರ್ಷಗಳಲ್ಲಿ ಇನ್ನೂ ಕೆಳಕ್ಕೆ ಹೋಗುತ್ತದೆ. ಹತ್ತಿರದಲ್ಲಿ ಕಡಲಿಲ್ಲ, ಗಾಳಿಯಲ್ಲಿ ತೇವವಿಲ್ಲ, ಚಳಿಗಾಲದ ರಾತ್ರಿ ಆಕಾಶದಲ್ಲಿ ಮೋಡವಿಲ್ಲ. ಹಗಲೆಲ್ಲ ನೆಲ ಹೀರಿದ ಶಾಖವನ್ನು ತಡೆಹಿಡಿಯುವವರಿಲ್ಲದ ಕಾರಣ ಅದು ಬೆಳಗಾಗುವುದರೊಳಗೆ ಬಿಟ್ಟುಹೋಗುತ್ತದೆ. ಮಂಗಳೂರಿನಲ್ಲಿ ಮೀನು ಸಾಕುವವರು ಹೀಟರ್ ಎಂದರೇನೆಂದೇ ಗೊತ್ತಿಲ್ಲ ಎಂದರೆ ನಂಬಬಹುದು, ಏಕೆಂದರೆ ಅಲ್ಲಿ ಚಳಿಗಾಲದ ರಾತ್ರಿಯೂ ಸಾಮಾನ್ಯವಾಗಿ 20 ಡಿಗ್ರಿಯಿಂದ ಮೇಲೆಯೇ ಇರುತ್ತದೆ. ಅವರ ಅನುಭವವನ್ನು ತುಂಗಭದ್ರೆಯ ದಂಡೆಗೆ ತಂದರೆ ಲೆಕ್ಕ ತಪ್ಪುತ್ತದೆ. ಹಾಗೆಯೇ ಚಳಿದೇಶಗಳಲ್ಲಿ ಬರೆದ ಪುಸ್ತಕಗಳು ಪ್ರತಿ ತೊಟ್ಟಿಗೂ ಹೀಟರ್ ಕಡ್ಡಾಯ ಎನ್ನುತ್ತವೆ. ಅದನ್ನು ನಂಬಿ ಮೇ ತಿಂಗಳಲ್ಲೂ ಹೀಟರಿನ ಪ್ಲಗ್ ಹಾಕಿಟ್ಟವರನ್ನು ಕಂಡಿದ್ದೇನೆ. ಆದ್ದರಿಂದ ನಮ್ಮ ಸೀಮೆಯಲ್ಲಿ ಈ ಪ್ರಶ್ನೆಯನ್ನು ಮೂರು ಸಂಗತಿಗಳನ್ನು ಎದುರಿಗಿಟ್ಟುಕೊಂಡೇ ಬಿಡಿಸಬೇಕು: ನಿಮ್ಮ ತೊಟ್ಟಿಯ ನೀರು ಚಳಿಗಾಲದ ಮುಂಜಾನೆ ಎಷ್ಟಕ್ಕೆ ಇಳಿಯುತ್ತದೆ, ನೀವು ಸಾಕಿರುವ ಮೀನು ಎಷ್ಟನ್ನು ತಾಳುತ್ತದೆ, ತೊಟ್ಟಿ ಎಷ್ಟು ದೊಡ್ಡದು.

ಗಾಳಿಯ ಚಳಿ ಬೇರೆ, ನೀರಿನ ಚಳಿ ಬೇರೆ

ಪತ್ರಿಕೆಯಲ್ಲಿ ಬರುವ ಕನಿಷ್ಠ ಉಷ್ಣಾಂಶ ಹೊರಗಿನ ಗಾಳಿಯದು. ಮನೆಯೊಳಗಿನ ಕೋಣೆ ಅದಕ್ಕಿಂತ ನಾಲ್ಕಾರು ಡಿಗ್ರಿ ಬೆಚ್ಚಗಿರುತ್ತದೆ, ಎಷ್ಟು ಬೆಚ್ಚಗಿರುತ್ತದೆ ಎಂಬುದು ಮನೆಯ ಕಟ್ಟಡವನ್ನು ಅವಲಂಬಿಸಿದೆ. ದಪ್ಪ ಗೋಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಯ ನಡುಮನೆಯಲ್ಲಿ ಹಗಲು-ರಾತ್ರಿಯ ವ್ಯತ್ಯಾಸ ತೀರ ಕಡಿಮೆ. ಮೀನಿನ ತೊಟ್ಟಿಗೆ ಅದಕ್ಕಿಂತ ಒಳ್ಳೆಯ ಜಾಗ ನಮ್ಮ ಕಡೆ ಇಲ್ಲವೆಂದೇ ನನ್ನ ಅಭಿಪ್ರಾಯ. ಹೊಸ ಆರ್‌ಸಿಸಿ ಮನೆಯ ಮೇಲಂತಸ್ತು ಬೇಸಿಗೆಯ ರಾತ್ರಿ ಕಾದ ಹಂಚಿನಂತಿದ್ದು, ಚಳಿಗಾಲದ ಮುಂಜಾನೆ ತಣ್ಣಗಾಗಿರುತ್ತದೆ. ತಗಡಿನ ಶೀಟಿನ ಮನೆ ಎರಡೂ ಕಾಲದಲ್ಲಿ ಕಷ್ಟ. ಇನ್ನು ತೊಟ್ಟಿಯನ್ನು ನೇರವಾಗಿ ಕಡಪ ಕಲ್ಲಿನ ಕಟ್ಟೆಯ ಮೇಲೆ ಇಟ್ಟಿದ್ದರೆ ಕೆಳಗಿನಿಂದಲೂ ಶಾಖ ಹೋಗುತ್ತದೆ. ನಡುವೆ ಒಂದು ಥರ್ಮೋಕೋಲ್ ಹಾಳೆ ಹಾಕಿದರೆ ಗಾಜಿಗೂ ಮೆತ್ತೆ, ನೀರಿಗೂ ರಕ್ಷಣೆ.

ನೀರಿನ ಪ್ರಮಾಣ ಇದಕ್ಕಿಂತ ಮುಖ್ಯವಾದದ್ದು. ಐದು ಲೀಟರಿನ ಗಾಜಿನ ಬೋಗುಣಿ ಕೋಣೆಯ ಉಷ್ಣಾಂಶವನ್ನು ಕೆಲವೇ ಗಂಟೆಗಳಲ್ಲಿ ಹಿಂಬಾಲಿಸುತ್ತದೆ: ಸಂಜೆ 27 ಇದ್ದದ್ದು ಬೆಳಗಿಗೆ 20 ಆಗಿರುತ್ತದೆ, ಮಧ್ಯಾಹ್ನ ಮತ್ತೆ ಏರುತ್ತದೆ. ಮೂರು ಅಡಿ ಉದ್ದದ, ಸುಮಾರು 100 ಲೀಟರಿನ ತೊಟ್ಟಿ ಅದೇ ಕೋಣೆಯಲ್ಲಿ ಎರಡು-ಮೂರು ಡಿಗ್ರಿಯಷ್ಟೇ ಕದಲುತ್ತದೆ, ಅದೂ ನಿಧಾನವಾಗಿ. ಮೀನು ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳುವ ಪ್ರಾಣಿಯಲ್ಲ; ನೀರು ಎಷ್ಟಿದೆಯೋ ಅದರ ಮೈಯೂ ಅಷ್ಟೇ. 22 ಡಿಗ್ರಿಯಲ್ಲಿ ಸ್ಥಿರವಾಗಿ ನಿಂತ ನೀರನ್ನು ಸಹಿಸಿಕೊಳ್ಳುವ ಮೀನು ದಿನಕ್ಕೆ ಏಳು ಡಿಗ್ರಿ ಏರಿಳಿಯುವ ನೀರಿನಲ್ಲಿ ಬಳಲುತ್ತದೆ, ಬಳಲಿದ ಮೀನಿಗೆ ರೋಗ ಬೇಗ ಅಂಟುತ್ತದೆ.

ಹೀಗಾಗಿ ಹೀಟರ್ ಕೊಳ್ಳುವ ಮೊದಲು ಥರ್ಮಾಮೀಟರ್ ಕೊಳ್ಳಬೇಕು. ಗಾಜಿನ ಹೊರಮೈಗೆ ಅಂಟಿಸುವ ಪಟ್ಟಿ ಅಗ್ಗವಾದರೂ ಅದು ನೀರಿಗೂ ಕೋಣೆಗೂ ನಡುವಿನ ಯಾವುದೋ ಅಂಕಿ ತೋರಿಸುತ್ತದೆ. ನೀರಿನೊಳಗೆ ಮುಳುಗುವ ಗಾಜಿನ ಕಡ್ಡಿ ಅಥವಾ ವೈರಿನ ತುದಿ ನೀರಿಗಿಳಿಯುವ ಡಿಜಿಟಲ್ ಥರ್ಮಾಮೀಟರ್ ಮೇಲು. ಅದು ಸರಿ ಇದೆಯೇ ಎಂದು ಪರೀಕ್ಷಿಸಲು ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಅದನ್ನೂ ಮನೆಯಲ್ಲಿರುವ ಜ್ವರದ ಡಿಜಿಟಲ್ ಥರ್ಮಾಮೀಟರನ್ನೂ ಒಟ್ಟಿಗೆ ಇಟ್ಟು, 38ರ ಆಸುಪಾಸಿನಲ್ಲಿ ಎರಡರ ಅಂಕಿ ಹೋಲಿಸಿದರೆ ಸಾಕು. ಆ ಬಳಿಕ ಡಿಸೆಂಬರ್ ಕೊನೆಯ ವಾರ ಅಥವಾ ಸಂಕ್ರಾಂತಿಯ ಹಿಂದುಮುಂದಿನ ವಾರ, ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ನಾಲ್ಕಕ್ಕೆ ನೀರಿನ ಉಷ್ಣಾಂಶವನ್ನು ಕ್ಯಾಲೆಂಡರಿನ ಮೇಲೆಯೇ ಬರೆದಿಡಿ. ಏಳು ದಿನಗಳ ಆ ಹದಿನಾಲ್ಕು ಅಂಕಿಗಳು ಯಾವ ಅಂಗಡಿಯವರ ಸಲಹೆಗಿಂತಲೂ, ಈ ಬರಹಕ್ಕಿಂತಲೂ, ನಿಮ್ಮ ತೊಟ್ಟಿಯ ಬಗ್ಗೆ ಹೆಚ್ಚು ಹೇಳುತ್ತವೆ.

ಯಾವ ಮೀನು, ಎಷ್ಟು ಡಿಗ್ರಿ

'ಉಷ್ಣವಲಯದ ಮೀನು' ಎಂಬ ಒಂದೇ ಹೆಸರಿನಡಿ ಅಂಗಡಿಯಲ್ಲಿ ಸಿಗುವ ಮೀನುಗಳ ತವರು ಒಂದೇ ಅಲ್ಲ. ಮೈಮೇಲೆ ನೀಲಿ ಪಟ್ಟೆಯಿರುವ ಜೀಬ್ರಾ ಡ್ಯಾನಿಯೊ ನಮ್ಮದೇ ಭಾರತ ಉಪಖಂಡದ ಹೊಳೆ-ತೊರೆಗಳ ಮೀನು. 18ರಿಂದ 25 ಡಿಗ್ರಿ ಅದಕ್ಕೆ ಹಿತ. ರೋಸಿ ಬಾರ್ಬ್ ಕೂಡ ಈ ನೆಲದ್ದೇ, ತಂಪನ್ನು ಇಷ್ಟಪಡುವಂಥದ್ದು. ಮೆಕ್ಸಿಕೊ ಕಡೆಯಿಂದ ಬಂದ ಪ್ಲಾಟಿ 20-26ರಲ್ಲಿ, ಸ್ವೋರ್ಡ್‌ಟೇಲ್ 22-28ರಲ್ಲಿ ಚೆನ್ನಾಗಿರುತ್ತವೆ. ಟ್ರಿನಿಡಾಡ್, ವೆನೆಜುವೆಲಾ ಮೂಲದ ಗಪ್ಪಿಗೆ 22-28 ಸೂಕ್ತ, ಒಂದೆರಡು ವಾರ 20ರ ಮುಂಜಾನೆಗಳನ್ನು ಗಟ್ಟಿಮುಟ್ಟಾದ ಗಪ್ಪಿ ದಾಟಿಕೊಳ್ಳುತ್ತದೆ, ಆದರೆ ಉದ್ದ ಬಾಲದ ಬಣ್ಣದ ತಳಿಗಳಿಗೆ ಆ ತಾಳಿಕೆ ಇಲ್ಲ. ನಿಯಾನ್ ಟೆಟ್ರಾ ಅಮೆಜಾನಿನದು ಎಂದಾಕ್ಷಣ ಅದಕ್ಕೆ ಬಿಸಿನೀರು ಬೇಕೆಂದು ಭಾವಿಸುವವರು ಬಹಳ. ವಾಸ್ತವವಾಗಿ 21-26 ಅದರ ಹಿತವಾದ ನೆಲೆ, ನಮ್ಮ ಊರಿನ ಚಳಿಗಾಲವೇ ಅದಕ್ಕೆ ಒಳ್ಳೆಯ ಕಾಲ. ಅದನ್ನೇ ಹೋಲುವ ಕಾರ್ಡಿನಲ್ ಟೆಟ್ರಾ ಮಾತ್ರ ಬೆಚ್ಚನೆಯ ನೀರಿನದು. ಕಾರ್ಡಿನಲ್ ಬಿಟ್ಟು ಈ ಗುಂಪಿನ ಉಳಿದ ಮೀನುಗಳಿಗೆ, ತೊಟ್ಟಿ 50 ಲೀಟರಿಗಿಂತ ದೊಡ್ಡದಿದ್ದು ಮುಂಜಾನೆಯ ನೀರು 20-21ಕ್ಕಿಂತ ಕೆಳಗಿಳಿಯದಿದ್ದರೆ, ಹೀಟರ್ ಅನಗತ್ಯ ಖರ್ಚು.

ಗೋಲ್ಡ್ ಫಿಶ್ ಈ ಚರ್ಚೆಯಲ್ಲಿ ಇರಲೇಬಾರದು. ಅದು ತಂಪು ನೀರಿನ ಮೀನು, 24ರ ಒಳಗಿದ್ದಷ್ಟೂ ಒಳ್ಳೆಯದು. ಅದಕ್ಕೆ ಹೀಟರ್ ಹಾಕುವುದು ಉಪಕಾರವಾಗದು. ಹೀಟರ್ ಬೇಕಾದ ಏಂಜೆಲ್ ಜೊತೆಗೆ ಗೋಲ್ಡ್ ಫಿಶ್ ಸೇರಿಸಿ ಮಾರುವ ರೂಢಿ ನಮ್ಮಲ್ಲಿದೆ, ಆ ಜೋಡಿಯಲ್ಲಿ ಒಂದಲ್ಲ ಒಂದು ಸದಾ ನರಳುತ್ತಿರುತ್ತದೆ.

ಇನ್ನೊಂದು ತುದಿಯಲ್ಲಿ ಡಿಸ್ಕಸ್ ಇದೆ. ಅದಕ್ಕೆ 28ರಿಂದ 30 ಡಿಗ್ರಿ ಬೇಕು. ರ‍್ಯಾಮ್ ಸಿಕ್ಲಿಡ್ ಕೂಡ 27-30ರದ್ದೇ. ಇಂಥ ಮೀನು ಸಾಕುವವರಿಗೆ ಚಳಿಗಾಲದ ಮಾತಷ್ಟೇ ಸಾಲದು, ಏಕೆಂದರೆ ಜುಲೈ-ಆಗಸ್ಟಿನ ಮೋಡ ಮುಸುಕಿದ ದಿನಗಳಲ್ಲಿಯೂ ರಾಯಚೂರಿನ ಮನೆಯೊಳಗಿನ ನೀರು 26ರ ಬಳಿ ನಿಲ್ಲುತ್ತದೆ. ಡಿಸ್ಕಸ್ ಸಾಕುವುದೆಂದರೆ ಬೇಸಿಗೆಯೊಂದನ್ನು ಬಿಟ್ಟು ವರ್ಷವಿಡೀ ಹೀಟರ್ ಇಡುವುದೆಂದೇ ಅರ್ಥ, ಬಿಸಿಲೂರಾದರೂ ಅದರಲ್ಲಿ ರಿಯಾಯಿತಿ ಇಲ್ಲ. ಫ್ಲವರ್‌ಹಾರ್ನ್‌ಗೂ 26-30 ಬೇಕು, ಏಂಜೆಲ್‌ಗೆ 24-30. ಆಸ್ಕರ್ 22ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಬೇಕು. ಅದನ್ನು ದೊಡ್ಡ ತೊಟ್ಟಿಯಲ್ಲಿಯೇ ಸಾಕಬೇಕಾದ್ದರಿಂದ ನೀರಿನ ತೂಕವೇ ಅರ್ಧ ಕೆಲಸ ಮಾಡುತ್ತದೆ.

ಎಲ್ಲಕ್ಕಿಂತ ವಿಚಿತ್ರವಾದದ್ದು ಫೈಟರ್ ಮೀನಿನ ಸ್ಥಿತಿ. ಥಾಯ್ಲೆಂಡಿನ ಗದ್ದೆ-ಕುಂಟೆಗಳ ಬೆಚ್ಚನೆಯ ನಿಂತ ನೀರಿನಿಂದ ಬಂದ ಈ ಮೀನಿಗೆ 24-28 ಡಿಗ್ರಿ ಬೇಕು. ನೀರಿನ ಮೇಲಿನ ಗಾಳಿಯನ್ನೂ ಉಸಿರಾಡಬಲ್ಲ ಅಂಗ ಇರುವುದರಿಂದ ಪಂಪ್ ಇಲ್ಲದೆ ಬದುಕುತ್ತದೆ. ಆ ಒಂದೇ ಕಾರಣಕ್ಕೆ ಇದಕ್ಕೆ ಏನೂ ಬೇಡ ಎಂದು ಹೇಳಿ ಎರಡು ಲೀಟರಿನ ಬೋಗುಣಿಯಲ್ಲಿ ಮಾರುತ್ತಾರೆ. ಹೀಗೆ ಬೆಚ್ಚಗಿರಬೇಕಾದ ಮೀನು ಅತ್ಯಂತ ಬೇಗ ತಣ್ಣಗಾಗುವ ಪಾತ್ರೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಜನವರಿಯಲ್ಲಿ ಫೈಟರ್ ತಳದಲ್ಲಿ ಒರಗಿ, ರೆಕ್ಕೆ ಮಡಚಿಕೊಂಡು, ಕಾಳು ಹಾಕಿದರೂ ಮೇಲೆ ಬಾರದಿದ್ದರೆ ಅದಕ್ಕೆ ವಯಸ್ಸಾಯಿತೆಂದು ತಿಳಿಯುವ ಮೊದಲು ಥರ್ಮಾಮೀಟರ್ ನೋಡಬೇಕು. ನಮ್ಮ ಮೂರೂ ಜಿಲ್ಲೆಗಳಲ್ಲಿ ಹೀಟರಿನ ಅಗತ್ಯ ನಿಜವಾಗಿ ಹೆಚ್ಚಾಗಿರುವುದು ಈ ಮೀನಿಗೇ, ಹೀಟರ್ ಅತಿ ಕಡಿಮೆ ಕಾಣುವುದೂ ಇದರ ನೀರಿನಲ್ಲಿಯೇ. ಎರಡು ಲೀಟರಿಗೆ ಹೀಟರ್ ಹಾಕುವುದು ಅಪಾಯವಾದ್ದರಿಂದ ಮೊದಲು ಅದನ್ನು 15 ಲೀಟರಿನ ಪುಟ್ಟ ತೊಟ್ಟಿಗೆ ಬದಲಾಯಿಸಿ, 25 ವ್ಯಾಟಿನದನ್ನು ಹಾಕಿ, ಮೇಲೆ ಮುಚ್ಚಳ ಇಡಬೇಕು. ಮುಚ್ಚಳವಿದ್ದರೆ ಅದು ಉಸಿರಾಡುವ ಗಾಳಿಯೂ ಬೆಚ್ಚಗಿರುತ್ತದೆ.

ಹೀಟರ್ ಇಲ್ಲದೆ ನಡೆಸುವುದಾದರೆ

ಹೀಟರ್ ಬೇಡವೆಂದು ನಿರ್ಧರಿಸಿದವರು ಕೈಕಟ್ಟಿ ಕೂರಬೇಕಿಲ್ಲ. ಗಾಜಿನ ಮುಚ್ಚಳ ಒಂದೇ ಎರಡು ಡಿಗ್ರಿಯಷ್ಟು ಕಾಪಾಡಬಲ್ಲದು, ಏಕೆಂದರೆ ನಮ್ಮ ಒಣ ಗಾಳಿಯಲ್ಲಿ ತೊಟ್ಟಿ ಶಾಖ ಕಳೆದುಕೊಳ್ಳುವುದು ಹೆಚ್ಚಾಗಿ ಮೇಲ್ಮೈಯಿಂದ ಆವಿಯಾಗುವ ನೀರಿನ ಮೂಲಕ. ಹಿಂಬದಿಗೂ ಎರಡು ಪಕ್ಕಕ್ಕೂ ಥರ್ಮೋಕೋಲ್ ಒರಗಿಸಿ, ರಾತ್ರಿ ಮುಂದಿನ ಗಾಜಿಗೂ ಒಂದು ಹಳೆಯ ಕೌದಿ ಹೊದಿಸಿದರೆ ಮುಂಜಾನೆಯ ಇಳಿತ ಇನ್ನಷ್ಟು ಕಡಿಮೆಯಾಗುತ್ತದೆ. ತೊಟ್ಟಿಯನ್ನು ಕಿಟಕಿಯ ಪಕ್ಕದಿಂದ ಒಳಗೋಡೆಗೆ ಸರಿಸಬೇಕು. ಬೆಳಿಗ್ಗೆ ಬಿಸಿಲು ಬೀಳುವ ಜಾಗಕ್ಕೆ ಸರಿಸಿದರೆ ಬೆಚ್ಚಗಾಗುತ್ತದಲ್ಲವೇ ಎಂದು ಕೇಳುವವರಿದ್ದಾರೆ. ಹಾಗೆ ಮಾಡಿದರೆ ಏರಿಳಿತ ಹೆಚ್ಚಾಗುವುದರ ಜೊತೆಗೆ ಗಾಜಿನ ತುಂಬ ಪಾಚಿ ಬೆಳೆಯುತ್ತದೆ.

ಹೀಟರ್ ಇಲ್ಲದ ತೊಟ್ಟಿಯಲ್ಲಿ ದೊಡ್ಡ ಪೆಟ್ಟು ಬೀಳುವುದು ನೀರು ಬದಲಿಸುವಾಗ. ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನೀರು ಜನವರಿಯ ಬೆಳಿಗ್ಗೆ 18 ಡಿಗ್ರಿ ಇದ್ದು ತೊಟ್ಟಿಯ ನೀರು 26 ಇದ್ದರೆ, ಕಾಲು ಭಾಗ ಬದಲಿಸುವಷ್ಟರಲ್ಲಿ ತೊಟ್ಟಿ ಒಮ್ಮೆಲೇ ಎರಡು ಡಿಗ್ರಿ ಇಳಿಯುತ್ತದೆ. ಅರ್ಧ ಬದಲಿಸಿದರೆ ನಾಲ್ಕು. ಬಿಳಿ ಚುಕ್ಕೆ ರೋಗ ಕಾಣಿಸಿಕೊಳ್ಳುವುದು ಬಹುಪಾಲು ಇಂಥ ದಿಢೀರ್ ಇಳಿತದ ಬೆನ್ನಿಗೇ. ಅದು ಕಣ್ಣಿಗೆ ಕಾಣದ ಒಂದು ಪರಾವಲಂಬಿಯ ಕೆಲಸ. ಮೀನು ಗಟ್ಟಿಯಾಗಿದ್ದಾಗ ಅಡಗಿದ್ದು, ಕುಗ್ಗಿದಾಗ ಮೇಲೇಳುತ್ತದೆ. ಆದ್ದರಿಂದ ಚಳಿಗಾಲದಲ್ಲಿ ನೀರು ಬದಲಿಸುವುದನ್ನು ಮಧ್ಯಾಹ್ನ ಮೂರರ ಮೇಲೆ ಇಟ್ಟುಕೊಂಡು, ಒಂದು ಬಾರಿಗೆ ಐದನೇ ಒಂದು ಭಾಗ ಮೀರದಂತೆ, ಒಲೆಯ ಮೇಲಿನ ಒಂದು ತಂಬಿಗೆ ಬಿಸಿನೀರು ಬೆರೆಸಿ ಹದಮಾಡಿ ಹಾಕುವುದು ಒಳಿತು. ತಂಪಿನಲ್ಲಿ ಮೀನಿನ ಜೀರ್ಣಶಕ್ತಿಯೂ, ಕೊಳೆಯನ್ನು ಶುದ್ಧಮಾಡುವ ಫಿಲ್ಟರಿನ ಸೂಕ್ಷ್ಮಜೀವಿಗಳ ಚಟುವಟಿಕೆಯೂ ನಿಧಾನವಾಗುವುದರಿಂದ ಆ ಎರಡು ತಿಂಗಳು ಕಾಳನ್ನು ಅರ್ಧಕ್ಕಿಳಿಸಬೇಕು.

ಹೀಟರ್ ಕೊಳ್ಳುವುದಾದರೆ

ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಬಗೆ. ಉಷ್ಣಾಂಶ ಮೊದಲೇ ನಿಗದಿಯಾಗಿ ಬಂದ ಸಣ್ಣ ಹೀಟರ್, ಮೇಲ್ಭಾಗದ ಬಿರಡೆ ತಿರುಗಿಸಿ ಬೇಕಾದ ಡಿಗ್ರಿಗೆ ಇಡಬಹುದಾದ ಗಾಜಿನ ಅಥವಾ ಉಕ್ಕಿನ ಹೀಟರ್, ಮತ್ತು ಹೊರಗಿನ ಕಂಟ್ರೋಲರಿಗೆ ಜೋಡಿಸಿ ನಡೆಸುವ ವ್ಯವಸ್ಥೆ. ಮೊದಲನೆಯದು ಫೈಟರಿನ ಪುಟ್ಟ ತೊಟ್ಟಿಗೆ ಸಾಕು. ಎರಡನೆಯದು ಸಾಮಾನ್ಯ ಮನೆಗೆ ಸರಿಹೊಂದುವಂಥದ್ದು, ಆದರೆ ಬಿರಡೆಯ ಮೇಲಿನ ಅಂಕಿಯನ್ನು ನಂಬಬಾರದು. 26ಕ್ಕೆ ಇಟ್ಟದ್ದು 28ಕ್ಕೋ 24ಕ್ಕೋ ನಿಲ್ಲುವುದು ಸಾಮಾನ್ಯ, ಥರ್ಮಾಮೀಟರ್ ನೋಡಿ ಹೊಂದಿಸಬೇಕು.

ವ್ಯಾಟಿನ ವಿಚಾರದಲ್ಲಿ ಲೀಟರಿಗೆ ಒಂದು ವ್ಯಾಟ್ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅಷ್ಟಿದ್ದರೆ, ಶಾಖದ ನಷ್ಟವನ್ನು ಬದಿಗಿಟ್ಟು ಲೆಕ್ಕ ಹಾಕಿದಾಗ, ನೀರು ಸುಮಾರು 70 ನಿಮಿಷಕ್ಕೆ ಒಂದು ಡಿಗ್ರಿ ಏರುತ್ತದೆ. ಚಳಿದೇಶಕ್ಕೆ ಅದು ಬೇಕು. ನಾವು ಎತ್ತಿಹಿಡಿಯಬೇಕಾದದ್ದು ಮುಂಜಾನೆಯ ನಾಲ್ಕೈದು ಡಿಗ್ರಿ ಮಾತ್ರ. ಆದ್ದರಿಂದ ಮುಚ್ಚಳವಿರುವ ತೊಟ್ಟಿಗೆ ಲೀಟರಿಗೆ ಅರ್ಧದಿಂದ ಮುಕ್ಕಾಲು ವ್ಯಾಟ್ ಸಾಕು ಎಂಬುದು ನನ್ನ ಅನುಭವ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಕಲ್ಲು-ಮರಳು ಕಳೆದರೆ ಉಳಿಯುವ ನೀರು 48 ಲೀಟರಿನ ಆಸುಪಾಸು. ಅದಕ್ಕೆ 25 ವ್ಯಾಟ್ ಸ್ವಲ್ಪ ಕಡಿಮೆ, 50 ವ್ಯಾಟ್ ಧಾರಾಳ. 100 ಲೀಟರಿನದಕ್ಕೆ 75 ವ್ಯಾಟ್.

ಇಲ್ಲಿ ದೊಡ್ಡದು ಕೊಂಡರೆ ಒಳ್ಳೆಯದಲ್ಲವೇ ಎಂಬ ಆಸೆಯನ್ನು ತಡೆಯಬೇಕು, ಅದಕ್ಕೊಂದು ಗಂಭೀರ ಕಾರಣವಿದೆ. ಹೀಟರ್ ಕೆಟ್ಟರೆ ಎರಡು ರೀತಿಯಲ್ಲಿ ಕೆಡುತ್ತದೆ: ಉರಿಯುವುದನ್ನೇ ನಿಲ್ಲಿಸುತ್ತದೆ, ಇಲ್ಲವೇ ಒಳಗಿನ ಥರ್ಮೋಸ್ಟಾಟ್ ಕಚ್ಚಿಕೊಂಡು ಆರದೆ ಉರಿಯುತ್ತಲೇ ಇರುತ್ತದೆ. ಮೊದಲನೆಯದರಿಂದ ನಮ್ಮ ಊರಿನಲ್ಲಿ ಮೀನು ಸಾಯುವುದು ಅಪರೂಪ, ಎರಡನೆಯದು ಇಡೀ ತೊಟ್ಟಿಯನ್ನು ಬೇಯಿಸಿಬಿಡುತ್ತದೆ. 48 ಲೀಟರಿಗೆ 300 ವ್ಯಾಟಿನದು ಹಾಕಿ ಅದು ಕಚ್ಚಿಕೊಂಡರೆ ಎರಡು ಗಂಟೆಯಲ್ಲಿ ನೀರು 25ರಿಂದ 35ರ ಹತ್ತಿರ ಹೋಗುತ್ತದೆ. ನೀವು ಎಚ್ಚರಗೊಳ್ಳುವಷ್ಟರಲ್ಲಿ ಮುಗಿದಿರುತ್ತದೆ. ಅದೇ ಅಳತೆಗೆ ತಕ್ಕ 50 ವ್ಯಾಟಿನದು ಕಚ್ಚಿಕೊಂಡರೆ ತಣ್ಣನೆಯ ರಾತ್ರಿಯಲ್ಲಿ ನೀರು 30ರ ಬಳಿಗೆ ಹೋಗಿ ತಡೆದು ನಿಲ್ಲುವ ಸಂಭವವೇ ಹೆಚ್ಚು, ಬೆಳಿಗ್ಗೆ ನೋಡಿ ಪ್ಲಗ್ ಕೀಳಲು ನಿಮಗೆ ಸಮಯ ಸಿಗುತ್ತದೆ. ದೊಡ್ಡ ತೊಟ್ಟಿಗೆ ಒಂದು ದೊಡ್ಡ ಹೀಟರಿನ ಬದಲು ಎರಡು ಸಣ್ಣವನ್ನು ಎರಡು ತುದಿಯಲ್ಲಿ ಇಡುವುದರ ಹಿಂದೆಯೂ ಇದೇ ತರ್ಕ ಇದೆ.

ಮೂರನೆಯ ಬಗೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಹವೆಗೆ ಹೇಳಿ ಮಾಡಿಸಿದ್ದೆಂದು ನನಗನಿಸುವುದು ಅದೇ. ಎಸ್‌ಟಿಸಿ-1000 ಎಂಬ ಹೆಸರಿನಲ್ಲಿ ಸಿಗುವ ಸಣ್ಣ ಕಂಟ್ರೋಲರಿನಲ್ಲಿ ಬಿಸಿಗೊಂದು, ತಂಪಿಗೊಂದು ಎಂದು ಎರಡು ಸ್ವಿಚ್ಚುಗಳಿರುತ್ತವೆ. ಅದರ ವೈರಿನ ತುದಿ ನೀರಿನ ಉಷ್ಣಾಂಶ ನೋಡುತ್ತಿರುತ್ತದೆ. ಬಿಸಿಯ ಕಡೆಗೆ ಹೀಟರನ್ನೂ ತಂಪಿನ ಕಡೆಗೆ ಚಿಕ್ಕ ಫ್ಯಾನನ್ನೂ ಜೋಡಿಸಿದರೆ ಜನವರಿಯಲ್ಲಿ ಅದು ಹೀಟರ್ ನಡೆಸುತ್ತದೆ, ಮೇ ತಿಂಗಳಲ್ಲಿ ಫ್ಯಾನ್ ನಡೆಸುತ್ತದೆ. ಹೀಟರಿನ ಸ್ವಂತ ಥರ್ಮೋಸ್ಟಾಟನ್ನು ಒಂದೆರಡು ಡಿಗ್ರಿ ಮೇಲೆ ಇಟ್ಟರೆ ಒಂದು ಕೆಟ್ಟರೂ ಇನ್ನೊಂದು ತಡೆಯುತ್ತದೆ. ಅದು 230 ವೋಲ್ಟಿನ ಬಿಡಿ ವೈರುಗಳನ್ನು ಜೋಡಿಸುವ ಕೆಲಸವಾದ್ದರಿಂದ ಎಲೆಕ್ಟ್ರಿಷಿಯನ್ ಕೈಯಲ್ಲಿ, ಮುಚ್ಚಿದ ಡಬ್ಬಿಯೊಳಗೆ ಮಾಡಿಸಬೇಕು.

ನೀರು ಮತ್ತು ಕರೆಂಟು ಒಂದೆಡೆ ಸೇರುವ ಕಾರಣ ಕೆಲವು ನಿಯಮಗಳಲ್ಲಿ ಸಡಿಲಿಕೆ ಕೂಡದು. ಕೈ ನೀರಿಗಿಳಿಸುವ ಮುನ್ನ ಪ್ಲಗ್ ಕೀಳಬೇಕು. ನೀರು ಬದಲಿಸುವ ಹದಿನೈದು ನಿಮಿಷ ಮೊದಲೇ ಹೀಟರ್ ಆರಿಸದಿದ್ದರೆ, ನೀರಿನಿಂದ ಮೇಲೆ ಬಂದ ಕಾದ ಗಾಜು ತಣ್ಣೀರು ತಾಗಿದೊಡನೆ ಸಿಡಿಯುತ್ತದೆ. ವೈರು ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಬೇಕು, ಆಗ ವೈರಿಗುಂಟ ಇಳಿಯುವ ಹನಿ ಪ್ಲಗ್ಗಿಗೆ ಹೋಗದೆ ನೆಲಕ್ಕೆ ಬೀಳುತ್ತದೆ. ಮನೆಗೆ ಅರ್ಥಿಂಗ್ ಸರಿಯಿದೆಯೇ, ಸೋರುವ ಕರೆಂಟನ್ನು ಕಡಿಯುವ ಆರ್‌ಸಿಸಿಬಿ ಇದೆಯೇ ಎಂದು ನೋಡಿಕೊಳ್ಳಬೇಕು. ಫ್ಲವರ್‌ಹಾರ್ನ್, ಆಸ್ಕರ್ ಇದ್ದಲ್ಲಿ ಗಾಜಿನ ಹೀಟರಿಗೆ ಪ್ಲಾಸ್ಟಿಕ್ ಜಾಳಿಗೆ ಹಾಕದಿದ್ದರೆ ಅವು ಗುದ್ದಿ ಒಡೆಯುತ್ತವೆ. ವಿದ್ಯುತ್ ಖರ್ಚು ಹೆದರುವಷ್ಟಿಲ್ಲ: 50 ವ್ಯಾಟಿನದು ರಾತ್ರಿಗೆ ಹತ್ತು ಗಂಟೆ ಉರಿದರೆ ಅರ್ಧ ಯೂನಿಟ್, ಎರಡು ತಿಂಗಳಿಗೆ 30 ಯೂನಿಟ್. ಆದರೆ ಅದನ್ನು ಇನ್ವರ್ಟರಿಗೆ ಹಚ್ಚಬೇಡಿ. ಕರೆಂಟು ಹೋದಾಗ ಬ್ಯಾಟರಿ ಉಳಿಸಬೇಕಾದದ್ದು ಐದು ವ್ಯಾಟಿನ ಏರ್ ಪಂಪಿಗೆ. ಎರಡು-ಮೂರು ಗಂಟೆಯಲ್ಲಿ ತೊಟ್ಟಿ ತಣ್ಣಗಾಗುವುದಿಲ್ಲ, ಗಾಳಿ ಇಲ್ಲದ ತುಂಬಿದ ತೊಟ್ಟಿಯಲ್ಲಿ ಮೀನು ಅಷ್ಟರೊಳಗೆ ಬಾಯಿ ಬಿಡತೊಡಗುತ್ತದೆ.

ಏಪ್ರಿಲ್ ಬಂದ ಮೇಲೆ

ಹೀಟರ್ ಬೇಕೇ ಎಂದು ಕೇಳುವವರಿಗೆ ನಾನು ಮರಳಿ ಕೇಳುವ ಪ್ರಶ್ನೆ, ಬೇಸಿಗೆಗೆ ಏನು ಮಾಡಿದ್ದೀರಿ ಎಂಬುದು. ಕೈಯಲ್ಲಿರುವ ಹಣಕ್ಕೆ ಹೀಟರ್ ಅಥವಾ ಫ್ಯಾನ್ ಎರಡರಲ್ಲಿ ಒಂದೇ ಬರುವುದಾದರೆ, ಡಿಸ್ಕಸ್ ಮತ್ತು ಫೈಟರ್ ಸಾಕುವವರನ್ನು ಬಿಟ್ಟು ಉಳಿದವರು ಫ್ಯಾನನ್ನೇ ಆರಿಸಿಕೊಳ್ಳಬೇಕು. ಮೇ ತಿಂಗಳಲ್ಲಿ ಮೇಲಂತಸ್ತಿನ ಕೋಣೆಯ ತೊಟ್ಟಿ 34 ಡಿಗ್ರಿ ದಾಟುವುದನ್ನು ನೋಡಿದ್ದೇನೆ. ಸಮುದ್ರಮಟ್ಟದ ಲೆಕ್ಕದಲ್ಲಿ ಒಂದು ಲೀಟರ್ ನೀರು 20 ಡಿಗ್ರಿಯಲ್ಲಿ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 32ರಲ್ಲಿ 7.3ನ್ನಷ್ಟೇ ಹಿಡಿಯುತ್ತದೆ, ಆದರೆ ಬಿಸಿ ಏರಿದಂತೆ ಮೀನಿಗೆ ಬೇಕಾಗುವ ಆಮ್ಲಜನಕ ಏರುತ್ತ ಹೋಗುತ್ತದೆ. ಅದರ ಜೊತೆಗೆ ನಮ್ಮ ಬೋರ್‌ವೆಲ್ ನೀರಿನ ಕ್ಷಾರಗುಣವೂ ಸೇರುತ್ತದೆ: ಪಿಎಚ್ 8 ಇರುವ ನೀರಿನಲ್ಲಿ ಮೀನಿನ ಮಲದಿಂದ ಬರುವ ಅಮೋನಿಯಾದ ವಿಷಕಾರಿ ಅಂಶ 20 ಡಿಗ್ರಿಯಲ್ಲಿ ಶೇ 3.8 ಇದ್ದದ್ದು 30ರಲ್ಲಿ ಶೇ 7.5ರ ಹತ್ತಿರ ಹೋಗುತ್ತದೆ. ನಿಯಾನ್ ಟೆಟ್ರಾ, ಗೋಲ್ಡ್ ಫಿಶ್, ತಂಪು ಬಯಸುವ ಪೆಪ್ಪರ್ ಕೋರಿಡೋರಸ್ ನಮ್ಮಲ್ಲಿ ಬಾಳದಿರುವುದಕ್ಕೆ ಕಾರಣ ಇಲ್ಲಿದೆ. ಚಳಿಗೆ ಗೆದ್ದ ಮೀನು ಬಿಸಿಲಿಗೆ ಸೋಲುತ್ತದೆ.

ಇದಕ್ಕೆ ಮದ್ದೂ ಇದೇ ಬಿಸಿಲಿನ ಒಣಗುಣದಲ್ಲಿದೆ. ಗಡಿಗೆಯ ನೀರು ಏಕೆ ತಣ್ಣಗಿರುತ್ತದೆ, ನಮ್ಮ ಮನೆಗಳಲ್ಲಿ ಕೂಲರ್ ಏಕೆ ಅಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಂಪ್ಯೂಟರಿನೊಳಗಿನ ಸಣ್ಣ ಫ್ಯಾನೊಂದನ್ನು ನೀರಿನ ಮೇಲ್ಮೈಗೆ ಓರೆಯಾಗಿ ಕಟ್ಟಿದರೆ ಅದೇ ಕೆಲಸ ನಡೆಯುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ 50 ಲೀಟರ್ ನೀರನ್ನು ಹನ್ನೊಂದು ಡಿಗ್ರಿಗೂ ಹೆಚ್ಚು ಇಳಿಸುವಷ್ಟು ಶಾಖ ಹೀರುತ್ತದೆ. ಕೋಣೆ ಮತ್ತೆ ಬಿಸಿ ಕೊಡುತ್ತಲೇ ಇರುವುದರಿಂದ ಕೊನೆಗೆ ಉಳಿಯುವ ಲಾಭ ಮೂರು-ನಾಲ್ಕು ಡಿಗ್ರಿ, ಮೀನು ಉಳಿಯಲು ಅಷ್ಟು ಸಾಕು. ಕರಾವಳಿಯ ಸೆಕೆಯಲ್ಲಿ ಇದೇ ಫ್ಯಾನ್ ಇಷ್ಟು ಫಲ ಕೊಡದು. ಫ್ಯಾನ್ ನಡೆಸುವಾಗ ಮುಚ್ಚಳ ತೆಗೆದು ಜಾಳಿಗೆ ಹಾಕಬೇಕು, ಪ್ರತಿದಿನ ಇಂಗಿದಷ್ಟು ನೀರು ತುಂಬಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಹಾಗಾಗಿ ಇಂಗಿದ ಜಾಗಕ್ಕೆ ಬೋರ್ ನೀರು ಹಾಕುತ್ತ ಹೋದರೆ ಗಡಸುತನ ವಾರದಿಂದ ವಾರಕ್ಕೆ ಏರುತ್ತದೆ. ಕ್ಯಾನಿನ ಆರ್‌ಒ ನೀರು ತುಂಬುವುದು ಸೂಕ್ತ. ಮಾಳಿಗೆ ಟ್ಯಾಂಕಿನ ಮಧ್ಯಾಹ್ನದ ನೀರನ್ನು ಮಾತ್ರ ಎಂದೂ ನೇರವಾಗಿ ಹಾಕಬಾರದು, ಮುಟ್ಟಿದರೆ ಕೈ ಸುಡುವ ನೀರದು. ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ಹಿಡಿದಿಟ್ಟದ್ದನ್ನು ಬೆಳಿಗ್ಗೆ ಬಳಸಬೇಕು. ಐಸ್ ಗಡ್ಡೆಯನ್ನು ನೀರಿಗೆ ಹಾಕುವವರು ತಣ್ಣಗಾಗಿಸುವ ಭರದಲ್ಲಿ ಜನವರಿಯ ಆಘಾತವನ್ನೇ ಮೇ ತಿಂಗಳಿಗೆ ತರುತ್ತಾರೆ.

ಆಯ್ಕೆ ಹೇಗಿರಲಿ

ನನ್ನ ಮನೆಯಲ್ಲಿ ಈಗ ಇರುವುದು ಒಂದು 100 ಲೀಟರಿನ ತೊಟ್ಟಿ, ಅದರಲ್ಲಿ ಏಂಜೆಲ್ ಮತ್ತು ಗೌರಾಮಿ; 75 ವ್ಯಾಟಿನ ಹೀಟರ್ 25 ಡಿಗ್ರಿಗೆ ಇದೆ, ಕಂಟ್ರೋಲರಿನ ತಂಪಿನ ಕಡೆ 29ಕ್ಕೆ. ಹೊಸದಾಗಿ ಆರಂಭಿಸುವವರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಮೊದಲ ವರ್ಷ ಎರಡೂವರೆ-ಮೂರು ಅಡಿಯ ತೊಟ್ಟಿ, ಮುಚ್ಚಳ, ಸ್ಪಂಜ್ ಫಿಲ್ಟರ್, ಥರ್ಮಾಮೀಟರ್, ಒಂದು ಫ್ಯಾನ್ ಇಟ್ಟುಕೊಂಡು, ಸ್ವೋರ್ಡ್‌ಟೇಲ್, ಪ್ಲಾಟಿ, ಸಾದಾ ಗಪ್ಪಿಗಳನ್ನು ಸಾಕಿ ಒಂದು ಚಳಿ ಒಂದು ಬೇಸಿಗೆ ನೋಡುವುದು ಒಳ್ಳೆಯದು. ಸಂಕ್ರಾಂತಿ ವಾರದ ಅಂಕಿಗಳಲ್ಲಿ ಮುಂಜಾನೆಯ ನೀರು 23ರ ಮೇಲಿದ್ದರೆ ಏಂಜೆಲ್ ತಂದರೂ ಹೀಟರ್ ಇಲ್ಲದೆ ನಡೆಯುತ್ತದೆ. 20ರಿಂದ 23ರ ನಡುವೆ ಇದ್ದರೆ ಮೀನಿನ ಆಯ್ಕೆಯಲ್ಲೇ ಜಾಣತನ ತೋರಬೇಕು. 20ಕ್ಕಿಂತ ಕೆಳಗಿಳಿದರೆ, ಅಥವಾ ಬೆಳಿಗ್ಗೆ-ಸಂಜೆಯ ವ್ಯತ್ಯಾಸ ನಾಲ್ಕು ಡಿಗ್ರಿ ಮೀರಿದರೆ, ಮೀನು ಯಾವುದೇ ಉಷ್ಣವಲಯದ್ದಿದ್ದರೂ ಹೀಟರ್ ತರಬೇಕು. ದಿನನಿತ್ಯಕ್ಕೆ ಬೇಡವಾದವರೂ ಒಂದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರೆ ನಷ್ಟವಿಲ್ಲ: ಬಿಳಿ ಚುಕ್ಕೆ ಬಂದಾಗ ಉಷ್ಣವಲಯದ ಮೀನಿನ ತೊಟ್ಟಿಯನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 30ಕ್ಕೆ ಏರಿಸಿ, ಗಾಳಿ ಹೆಚ್ಚಿಸಿ, ಔಷಧ ಹಾಕಿದರೆ ಆ ಪರಾವಲಂಬಿಯ ಜೀವನಚಕ್ರ ಬೇಗ ಸಾಗಿ ಔಷಧಿಗೆ ಸಿಗುತ್ತದೆ.

ಶಿವರಾತ್ರಿಗೆ ಚಳಿ 'ಶಿವ ಶಿವ' ಎನ್ನುತ್ತ ಹೊರಡುತ್ತದೆ ಎಂಬ ಮಾತಿನಂತೆ, ಆ ಹಬ್ಬದ ಮರುವಾರ ಹೀಟರನ್ನು ತೊಟ್ಟಿಯಿಂದ ತೆಗೆಯಬಹುದು. ಬೋರ್ ನೀರಿನ ಸುಣ್ಣ ಅದರ ಮೈಗೆ ಬಿಳಿಯಾಗಿ ಕಟ್ಟಿರುತ್ತದೆ. ವಿನೆಗರ್ ಅಥವಾ ನಿಂಬೆರಸ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒರೆಸಿ, ನೆರಳಿನಲ್ಲಿ ಒಣಗಿಸಿ ಎತ್ತಿಡಬೇಕು. ದೀಪಾವಳಿ ಕಳೆದ ಮೇಲೆ ಅದನ್ನು ತೊಟ್ಟಿಗೆ ಹಾಕುವ ಮೊದಲು ಒಂದು ಬಕೆಟ್ ನೀರಿನಲ್ಲಿ ಒಂದು ರಾತ್ರಿ ನಡೆಸಿ, ಇಟ್ಟ ಡಿಗ್ರಿಗೆ ಆರುತ್ತದೆಯೇ ಎಂದು ನೋಡಬೇಕು. ಆರದಿದ್ದರೆ ಹಾಳಾಗುವುದು ಬಕೆಟ್ಟಿನ ನೀರು ಮಾತ್ರ.